ಇಪ್ಪತ್ತೈದು ವರ್ಷದ ಸಿಂಗಲ್ ಮಾಲ್ಟ್ ಸಪ್ಪೆಯಾದದ್ದು ಏಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಬಿಜೈಯಲ್ಲಿ ನಾವು ಕೆಲವು ಗೆಳೆಯರು ಆಗಾಗ ಸೇರಿ ಮಾಲ್ಟ್ ವಿಸ್ಕಿಯ ರುಚಿ ನೋಡುತ್ತೇವೆ. ಕುಡಿಯುವುದಕ್ಕಿಂತ ಚರ್ಚೆಯೇ ಜಾಸ್ತಿ ಎಂಬುದು ಮನೆಯವರ ದೂರು. ಈ ಮಳೆಗಾಲದಲ್ಲಿ ಎಲ್ಲರೂ ಹಣ ಹಾಕಿ ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ ಇಪ್ಪತ್ತೈದು ವರ್ಷದ ಒಂದು ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಭಟ್ಟಿ ಇಳಿಸಿದ ವಿಸ್ಕಿ) ತರಿಸಿದೆವು. ಅದು ನಿರಾಸೆ ಮಾಡಿತು. ಸುದ್ದಿ ಉಡುಪಿ, ಮಣಿಪಾಲದವರೆಗೂ ಹೋಗಿ, ಸಿಕ್ಕಿದವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳತೊಡಗಿದ್ದಾರೆ. ಉತ್ತರಗಳು ಇಲ್ಲಿವೆ. ಡಿಸ್ಟಿಲರಿಯ ಹೆಸರನ್ನು ಮಾತ್ರ ಕೇಳಬೇಡಿ. ಒಂದು ಬಾಟಲಿ ನೋಡಿ ಇಡೀ ಮನೆತನದ ಜಾತಕ ಬರೆಯುವುದು ಸರಿಯಲ್ಲ.

ಅಷ್ಟಕ್ಕೂ ಆ ವಿಸ್ಕಿಯಲ್ಲಿ ಕೊರತೆ ಏನಿತ್ತು?

ಮೂಗಿಗೆ ಯಾವ ದೂರೂ ಇರಲಿಲ್ಲ. ಒಣದ್ರಾಕ್ಷಿ, ಜೇನುಮೇಣ, ಹಳೆಯ ಬೀಟೆ ಮರದ ಪೆಟ್ಟಿಗೆ, ಹಿಂದಿನಿಂದ ತೆಳುವಾಗಿ ಕಿತ್ತಳೆ ಸಿಪ್ಪೆ. ಗ್ಲಾಸು ಮೂಗಿಗೆ ಹಿಡಿದು ಎಲ್ಲರೂ ಮೆಚ್ಚುಗೆಯಿಂದ ತಲೆಯಾಡಿಸಿದರು. ಮೊದಲ ಗುಟುಕು ಬಾಯಿಗೆ ಹೋದ ಮೇಲೆ ಮಾತು ಕಡಿಮೆಯಾಯಿತು. ಸಿಹಿ ಬಂದ ಹಾಗೆ ಮಾಡಿ ಹೊರಟುಹೋಗುತ್ತದೆ, ನಡುವೆ ಏನೂ ಇಲ್ಲ, ಕೊನೆಗೆ ಗೇರುಹಣ್ಣು ಕಚ್ಚಿದಂಥ ಒಗರು ಮಾತ್ರ ನಾಲಗೆಗೆ ಅಂಟಿಕೊಳ್ಳುತ್ತದೆ.

ಕೆಟ್ಟ ವಿಸ್ಕಿ ಎಂದು ಹೇಳಲಾರೆ. ಬೆಲೆ ಅದರ ಮೂರನೆಯ ಒಂದು ಪಾಲು ಇದ್ದಿದ್ದರೆ ಯಾರೂ ಗೊಣಗುತ್ತಿರಲಿಲ್ಲ. ಹೋಲಿಕೆಗೆಂದು ಪಕ್ಕದಲ್ಲಿ ಇಟ್ಟಿದ್ದ ಹನ್ನೆರಡು ವರ್ಷದ ಸಾಧಾರಣ ಮಾಲ್ಟ್ ಮೊದಲು ಖಾಲಿಯಾಯಿತು. ಅದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಬರೆಯಲಾರೆ.

ವಿಸ್ಕಿ ಹಳತಾದಷ್ಟೂ ರುಚಿ ಹೆಚ್ಚು ಎನ್ನುತ್ತಾರಲ್ಲ?

ಒಂದು ಹಂತದವರೆಗೆ ನಿಜ. ಆ ಹಂತ ಎಲ್ಲಿ ಬರುತ್ತದೆ ಎಂಬುದು ಪೀಪಾಯಿಯಿಂದ ಪೀಪಾಯಿಗೆ ಬೇರೆ.

ಭಟ್ಟಿಯಿಂದ ಆಗಷ್ಟೇ ಇಳಿದ ಸ್ಪಿರಿಟ್‌ಗೆ ಬಣ್ಣವಿರುವುದಿಲ್ಲ, ಘಾಟು ಜೋರಾಗಿರುತ್ತದೆ. ಅದಕ್ಕೆ ನೀರು ಬೆರೆಸಿ ಸಾಮಾನ್ಯವಾಗಿ ಶೇ 63.5ರ ಬಲಕ್ಕೆ (ಬಲ ಎಂದರೆ ಅದರಲ್ಲಿರುವ ಆಲ್ಕೋಹಾಲಿನ ಪಾಲು) ತಂದು ಓಕ್ ಪೀಪಾಯಿಗೆ ತುಂಬುತ್ತಾರೆ. ಆಮೇಲೆ ಒಳಗೆ ಮೂರು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ಪೀಪಾಯಿಯ ಒಳಮೈಯನ್ನು ಮೊದಲೇ ಸುಟ್ಟಿರುತ್ತಾರೆ. ಆ ಇದ್ದಿಲಿನ ಪದರ ಗಂಧಕದ ಒರಟು ವಾಸನೆಗಳನ್ನು ಹೀರಿಕೊಳ್ಳುತ್ತದೆ. ಇನ್ನೊಂದೆಡೆ ಮರ ತನ್ನದನ್ನು ಬಿಟ್ಟುಕೊಡುತ್ತದೆ. ಲಿಗ್ನಿನ್ ಒಡೆದು ವೆನಿಲಿನ್ ಬರುತ್ತದೆ, ಲ್ಯಾಕ್ಟೋನ್‌ಗಳಿಂದ ತೆಂಗಿನ ಪರಿಮಳ ಬರುತ್ತದೆ, ಟ್ಯಾನಿನ್‌ಗಳಿಂದ ಒಗರು ಬರುತ್ತದೆ. (ಅಮೆರಿಕದ ಬಿಳಿ ಓಕ್‌ನಲ್ಲಿ ಈ ತೆಂಗಿನ ಪರಿಮಳ ಹೆಚ್ಚು. ಬೇರೆ ಊರಿನವರಿಗೆ ಇದನ್ನು ಹೇಳಿಕೊಡಬೇಕು. ನಮ್ಮ ಕರಾವಳಿಯವರು ಗ್ಲಾಸು ಮೂಗಿನ ಹತ್ತಿರ ತಂದ ಕೂಡಲೇ ಹೇಳುತ್ತಾರೆ.) ಮೂರನೆಯದು ಗಾಳಿಯ ಕೆಲಸ. ಮರದ ಸಂದಿಗಳಿಂದ ನಿಧಾನವಾಗಿ ಆಮ್ಲಜನಕ ಸೇರಿ, ಆಲ್ಕೋಹಾಲ್ ಮತ್ತು ಆಮ್ಲಗಳು ಕೂಡಿ ಎಸ್ಟರ್‌ಗಳು ಹುಟ್ಟುತ್ತವೆ. ಹಣ್ಣಿನ ಪರಿಮಳಗಳಲ್ಲಿ ಬಹುಪಾಲು ಇವುಗಳದ್ದು.

ಹೀರುವ ಕೆಲಸ ಆರಂಭದ ವರ್ಷಗಳಲ್ಲೇ ಬಹುತೇಕ ಮುಗಿಯುತ್ತದೆ. ಮರ ಬಿಟ್ಟುಕೊಡುವ ಕೆಲಸ ಹಾಗಲ್ಲ. ಪೀಪಾಯಿ ಚುರುಕಾಗಿದ್ದರೆ ಹದಿನೈದನೆಯ ವರ್ಷಕ್ಕೇ ಸಾಕು ಎನ್ನುವಷ್ಟು ಮರ ವಿಸ್ಕಿಗೆ ಇಳಿದಿರುತ್ತದೆ; ಇನ್ನೂ ಹತ್ತು ವರ್ಷ ಬಿಟ್ಟರೆ ಬಾರ್ಲಿಯ ಗುಣ ಮುಚ್ಚಿಹೋಗಿ ಮರದ ಕಷಾಯ ಉಳಿಯುತ್ತದೆ. ಪೀಪಾಯಿ ಸೋತದ್ದಾಗಿದ್ದರೆ ಇಪ್ಪತ್ತೈದು ವರ್ಷ ಮಲಗಿದರೂ ವಿಸ್ಕಿಗೆ ಹೇಳಿಕೊಳ್ಳುವಂಥದ್ದು ಏನೂ ಸಿಗುವುದಿಲ್ಲ. ಎರಡೂ ಬಗೆಯ ಪೀಪಾಯಿಗಳ ವಿಸ್ಕಿಯನ್ನು ಬೆರೆಸಿ ಒಂದನ್ನು ಇನ್ನೊಂದರಿಂದ ಸರಿದೂಗಿಸಲು ನೋಡಿದರೆ, ನಮಗೆ ಸಿಕ್ಕಿದಂಥ ಬಾಟಲಿ ತಯಾರಾಗಬಹುದು: ನಡುವೆ ಟೊಳ್ಳು, ಕೊನೆಯಲ್ಲಿ ಒಗರು. ಇದು ನನ್ನ ಊಹೆ. ಅದರೊಳಗೆ ಯಾವ ಪೀಪಾಯಿಗಳಿದ್ದವು ಎಂದು ತಯಾರಕರು ಹೇಳಿಲ್ಲ.

ಹೊಗೆ ವಿಸ್ಕಿಗಳ, ಅಂದರೆ ಪೀಟ್ ಎಂಬ ಜೌಗು ಮಣ್ಣನ್ನು ಉರಿಸಿ ಅದರ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದವುಗಳ ಕಥೆ ಇನ್ನೂ ಸ್ಪಷ್ಟ. ಇಸ್ಲೇ ದ್ವೀಪದ ಪೀಟ್ ಹೊಗೆಯ ಅಬ್ಬರ ವರ್ಷ ಕಳೆದಂತೆ ಇಳಿಯುತ್ತದೆ. ಹೊಗೆಯೇ ಬೇಕೆನ್ನುವವರು ಇಪ್ಪತ್ತೈದು ವರ್ಷದ್ದನ್ನು ಕೊಂಡು ಹೊಗೆ ಎಲ್ಲಿ ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಹತ್ತು ವರ್ಷದ್ದೇ ಅವರಿಗೆ ಸರಿ.

ಪೀಪಾಯಿ ಸೋಲುವುದು ಎಂದರೇನು? ಒಂದೊಂದು ಸಲಕ್ಕೂ ಹೊಸದು ಬಳಸುವುದಿಲ್ಲವೇ?

ಸ್ಕಾಟ್ಲೆಂಡಿನಲ್ಲಿ ಹೊಸ ಪೀಪಾಯಿ ಅಪರೂಪ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಅವರು ಒಮ್ಮೆ ಬಳಸಿ ಮಾರಿದ್ದನ್ನು ಸ್ಕಾಟರು ಕೊಂಡು, ಒಂದು ಸುತ್ತು ಮುಗಿದ ಮೇಲೆ ಮತ್ತೆ ತುಂಬಿ, ಆಮೇಲೆ ಮತ್ತೊಮ್ಮೆ ತುಂಬುತ್ತಾರೆ. ಮೂರನೆಯ, ನಾಲ್ಕನೆಯ ಸುತ್ತಿಗೆ ಮರದಲ್ಲಿ ಕೊಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಇದು ಯಾವಾಗಲೂ ದೋಷವಲ್ಲ. ಬಹಳ ಕಾಲ ಇಡಬೇಕೆಂದಿದ್ದರೆ ಶಾಂತವಾದ ಪೀಪಾಯಿಯೇ ಒಳ್ಳೆಯದು. ಅದನ್ನು ಆರಿಸಬಲ್ಲವರು ಇದ್ದಾರೆ: ಎಲ್ಗಿನ್ ಪಟ್ಟಣದಲ್ಲಿ 1895ರಲ್ಲಿ ಆರಂಭವಾದ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಸಂಸ್ಥೆ 1940ರಲ್ಲಿ ಭಟ್ಟಿ ಇಳಿಸಿದ ಗ್ಲೆನ್‌ಲಿವೆಟ್ ವಿಸ್ಕಿಯನ್ನು ಎಂಬತ್ತು ವರ್ಷ ಕಾಯ್ದು 2021ರಲ್ಲಿ ಹೊರತಂದಿತು. ಅಷ್ಟು ಕಾಲದ ಮೇಲೂ ಅದರ ಬಲ ಶೇ 44.9 ಇತ್ತು. ಅದರ ರುಚಿ ಕೇಳಬೇಡಿ. ನಮ್ಮ ಗುಂಪಿನ ಎಲ್ಲರ ಆಸ್ತಿ ಕೂಡಿಸಿದರೂ ಅದು ನಮಗೆ ಎಟುಕುವುದಿಲ್ಲ.

ಶೆರಿ ಪೀಪಾಯಿಗಳ ವಿಷಯ ಬೇರೆ. ಹಿಂದೆ ಸ್ಪೇನಿನ ಶೆರಿ ವೈನ್ ಪೀಪಾಯಿಯಲ್ಲೇ ಬ್ರಿಟನ್ನಿಗೆ ಬರುತ್ತಿತ್ತು, ಖಾಲಿಯಾದದ್ದು ವಿಸ್ಕಿಗೆ ಸಿಗುತ್ತಿತ್ತು. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕೆಂಬ ನಿಯಮ ಬಂದ ಮೇಲೆ ಆ ದಾರಿ ಮುಚ್ಚಿತು. ಈಗ ವಿಸ್ಕಿಗೆಂದೇ ಪೀಪಾಯಿ ಮಾಡಿಸಿ ಅದರಲ್ಲಿ ಸ್ವಲ್ಪ ಕಾಲ ಶೆರಿ ಇಟ್ಟು ಹದ ಮಾಡುತ್ತಾರೆ. ಹಳಬರು ಹೊಗಳುವ ಶೆರಿ ಮಾಲ್ಟ್‌ಗೂ ಇಂದಿನದಕ್ಕೂ ಇರುವ ವ್ಯತ್ಯಾಸದಲ್ಲಿ ಇದಕ್ಕೂ ಒಂದು ಪಾಲಿದೆ. ಉಳಿದ ಪಾಲು ಹಳಬರ ನೆನಪಿನದು.

ಲೇಬಲ್ಲಿನ ಮೇಲಿನ ಸಂಖ್ಯೆ ನಿಖರವಾಗಿ ಏನನ್ನು ಹೇಳುತ್ತದೆ?

ಬಾಟಲಿಯಲ್ಲಿರುವ ಅತ್ಯಂತ ಎಳೆಯ ವಿಸ್ಕಿ ಪೀಪಾಯಿಯಲ್ಲಿ ಕಳೆದ ವರ್ಷಗಳು. 25 ಎಂದಿದ್ದರೆ ಅದಕ್ಕಿಂತ ಹಳೆಯದು ಸೇರಿರಬಹುದು, ಎಳೆಯದು ಒಂದು ಹನಿಯೂ ಸೇರುವಂತಿಲ್ಲ. 2009ರ ಸ್ಕಾಚ್ ವಿಸ್ಕಿ ನಿಯಮಾವಳಿಯಲ್ಲಿ ಇದು ಇದೆ. ಅದೇ ನಿಯಮದ ಪ್ರಕಾರ ಸ್ಕಾಚ್ ಎನ್ನಬೇಕಾದರೆ 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನ ನೆಲದಲ್ಲಿ, ಕನಿಷ್ಠ ಮೂರು ವರ್ಷ ಇರಬೇಕು. ಬಾಟಲಿಯಲ್ಲಿ ಶೇ 40ಕ್ಕಿಂತ ಬಲ ಕಡಿಮೆ ಇರಬಾರದು. ಸಿಂಗಲ್ ಮಾಲ್ಟ್ ಎಂದರೆ ಒಂದೇ ಡಿಸ್ಟಿಲರಿ, ಮೊಳಕೆ ಬರಿಸಿದ ಬಾರ್ಲಿ ಮಾತ್ರ, ಪಾಟ್ ಸ್ಟಿಲ್ ಎಂಬ ತಾಮ್ರದ ಭಟ್ಟಿ ಪಾತ್ರೆಯಲ್ಲಿ ಇಳಿಸಿದ್ದು. ಒಂದೇ ಪೀಪಾಯಿಯದು ಎಂಬುದು ಅದರ ಅರ್ಥವಲ್ಲ. ಈ ತಪ್ಪು ಕಲ್ಪನೆ ನಮ್ಮ ಊರಿನಲ್ಲಿ ಬಹಳ ಜನರಿಗಿದೆ.

ಗಮನಿಸಿ, ಆ ಸಂಖ್ಯೆ ವಿಸ್ಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಎಲ್ಲಿಯೂ ಹೇಳುವುದಿಲ್ಲ. ಹಾಗೆಂದು ನಂಬಿದವರು ನಾವು.

ಅಪ್ಪ 1998ರಲ್ಲಿ ಕೊಂಡ ಹನ್ನೆರಡು ವರ್ಷದ ಬಾಟಲಿ ಕಪಾಟಿನಲ್ಲಿದೆ. ಈಗ ಅದಕ್ಕೆ ನಲವತ್ತಾಗಲು ಬಂತಲ್ಲ?

ಇಲ್ಲ, ಹನ್ನೆರಡೇ. ಗಾಜಿನೊಳಗೆ ವಿಸ್ಕಿ ಹಣ್ಣಾಗುವುದಿಲ್ಲ. ಅಪ್ಪ ಇದ್ದರೆ ಅವರೊಂದಿಗೆ ಕುಳಿತು ತೆರೆಯಿರಿ.

ಬಣ್ಣ ಅಷ್ಟು ಗಾಢವಾಗಿತ್ತಂತೆ. ಆದರೂ ಸಪ್ಪೆಯೇ?

ಬಣ್ಣವನ್ನು ನಂಬಬೇಡಿ. ಸ್ಕಾಚ್ ವಿಸ್ಕಿಗೆ ನೀರನ್ನು ಬಿಟ್ಟರೆ ಸೇರಿಸಲು ಅನುಮತಿ ಇರುವುದು ಒಂದೇ ವಸ್ತುವಿಗೆ, ಇ150ಎ ಎಂಬ ಸಾದಾ ಕ್ಯಾರಮೆಲ್ ಬಣ್ಣಕ್ಕೆ. ಒಂದು ಸಲ ತುಂಬಿದ ಬಾಟಲಿಗೂ ಮುಂದಿನ ಸಲದ್ದಕ್ಕೂ ಬಣ್ಣ ಬೇರೆಯಾಗಬಾರದು ಎಂಬುದು ತಯಾರಕರ ಸಮಜಾಯಿಷಿ. ಬಣ್ಣ ಗಾಢವಾದಷ್ಟು ವಯಸ್ಸು ಹೆಚ್ಚು ಎಂದು ಗಿರಾಕಿ ತಿಳಿದುಕೊಂಡರೆ ಅವರಿಗೇನೂ ಬೇಸರವಿಲ್ಲ ಎಂಬುದು ನನ್ನ ಮಾತು. ಜರ್ಮನಿಯಲ್ಲಿ ಮಾರುವ ಬಾಟಲಿಗಳ ಮೇಲೆ ಬಣ್ಣ ಸೇರಿಸಿದ್ದನ್ನು ಬರೆಯುವುದು ಕಡ್ಡಾಯ. ಅಲ್ಲಿಂದ ಯಾರಾದರೂ ತಂದರೆ ಹಿಂದಿನ ಲೇಬಲ್ ಓದಿ, ನಿಮ್ಮ ಮೆಚ್ಚಿನ ವಿಸ್ಕಿಯ ಗುಟ್ಟು ಗೊತ್ತಾಗುತ್ತದೆ.

ಆ ಬಾಟಲಿಯ ಬಲ ಶೇ 40 ಇದ್ದದ್ದೇ ತಪ್ಪು ಎಂದು ನಿಮ್ಮವರೊಬ್ಬರು ಹೇಳಿದರು. ನಿಜವೇ?

ಬಹುಮಟ್ಟಿಗೆ ನಿಜ. ಶೇ 40 ಕಾನೂನಿನ ಕೆಳಗಿನ ಗೆರೆ. ಅಲ್ಲಿಗೆ ಇಳಿಸಿದಾಗ ಒಂದು ಪೀಪಾಯಿಯಿಂದ ಹೆಚ್ಚು ಬಾಟಲಿ ತುಂಬಬಹುದು, ಲಾಭ ಅಲ್ಲಿದೆ. ಬಲ ಶೇ 46ಕ್ಕಿಂತ ಕೆಳಗಿದ್ದರೆ ಇನ್ನೊಂದು ತೊಂದರೆ: ತಣ್ಣಗಾದಾಗ ಅಥವಾ ನೀರು ಬಿದ್ದಾಗ ವಿಸ್ಕಿ ಮಬ್ಬಾಗುತ್ತದೆ. ಗಿರಾಕಿ ಅದನ್ನು ಕೆಟ್ಟಿದೆ ಎಂದುಕೊಳ್ಳುತ್ತಾನೆ. ಅದಕ್ಕಾಗಿ ಬಾಟಲಿಗೆ ತುಂಬುವ ಮೊದಲು ವಿಸ್ಕಿಯನ್ನು ಸೊನ್ನೆ ಡಿಗ್ರಿಯ ಹತ್ತಿರ ತಣಿಸಿ ಸೋಸುತ್ತಾರೆ. ಮಬ್ಬು ತರುವ ಕೊಬ್ಬಿನಾಮ್ಲಗಳ ಎಸ್ಟರ್‌ಗಳು ಅಲ್ಲಿ ಹೋಗುತ್ತವೆ. ನಾಲಗೆಗೆ ಎಣ್ಣೆಯಂತೆ ಸವರುವ ಆ ತುಂಬು ಗುಣದಲ್ಲಿ ಒಂದಿಷ್ಟು ಅದರ ಜೊತೆಗೇ ಹೋಗುತ್ತದೆ ಎಂಬುದು ನನ್ನಂಥವರ ದೂರು. ಗೊತ್ತೇ ಆಗುವುದಿಲ್ಲ ಎನ್ನುವ ಅನುಭವಸ್ಥರೂ ಇದ್ದಾರೆ.

ಹನ್ನೆರಡು ವರ್ಷದ ದಿನನಿತ್ಯದ ಮಾಲ್ಟ್‌ಗೆ ಹೀಗೆ ಮಾಡಿದರೆ ಸಹಿಸಿಕೊಳ್ಳಬಹುದು. ಕಾಲು ಶತಮಾನ ಕಾಪಾಡಿದ ವಿಸ್ಕಿಗೆ ಬಾಟಲಿ ತುಂಬುವ ದಿನ ನೀರು ಹೊಯ್ದು ತೆಳ್ಳಗೆ ಮಾಡುವುದು ನನಗಂತೂ ಅರ್ಥವಾಗುವುದಿಲ್ಲ. ಒಂದು ನ್ಯಾಯವಾದ ಕಾರಣ ಇರಬಹುದು. ಸ್ಕಾಟ್ಲೆಂಡಿನ ತಂಪು, ತೇವದ ಗೋದಾಮುಗಳಲ್ಲಿ ನೀರಿಗಿಂತ ಆಲ್ಕೋಹಾಲ್ ಬೇಗ ಆವಿಯಾಗುತ್ತದೆ. ಬಹಳ ಹಳೆಯ ಪೀಪಾಯಿಗಳ ಬಲ ತಾನಾಗಿಯೇ ಶೇ 40ರ ಹತ್ತಿರ ಬಂದಿರುತ್ತದೆ. ಗೆರೆ ದಾಟಿ ಕೆಳಗಿಳಿದರೆ ಅದನ್ನು ವಿಸ್ಕಿ ಎಂದು ಮಾರುವಂತೆಯೇ ಇಲ್ಲ.

ಭಾರತದ ಬಾಟಲಿಗಳ ಮೇಲೆ ಕಾಣುವ 42.8 ಎಂಬ ವಿಚಿತ್ರ ಅಂಕಿ ಪ್ರೂಫ್ ಎಂಬ ಬ್ರಿಟಿಷರ ಕಾಲದ ಬಲದ ಅಳತೆಯ ಉಳಿಕೆ, 75 ಡಿಗ್ರಿ ಪ್ರೂಫ್. ರುಚಿಯ ಲೆಕ್ಕದಿಂದ ಬಂದದ್ದಲ್ಲ.

ರುಚಿ ಇಲ್ಲದಿದ್ದರೆ ಅಷ್ಟು ಬೆಲೆ ಏಕೆ?

ಏಕೆಂದರೆ ಬೆಲೆ ಬಂದದ್ದು ರುಚಿಯಿಂದಲ್ಲ, ನಷ್ಟದಿಂದ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ದೇವದೂತರ ಪಾಲು ಎಂದು ಅವರು ತಮಾಷೆ ಮಾಡುತ್ತಾರೆ. ಹಾಗಾದರೆ 250 ಲೀಟರಿನ ಪೀಪಾಯಿಯಲ್ಲಿ ಇಪ್ಪತ್ತೈದು ವರ್ಷಗಳ ಮೇಲೆ ಉಳಿಯುವುದು ಸುಮಾರು 150 ಲೀಟರ್. ಅಷ್ಟು ವರ್ಷಗಳ ಗೋದಾಮಿನ ಖರ್ಚು, ಕಟ್ಟಿಹಾಕಿದ ಹಣದ ಬಡ್ಡಿ, ಸೋರಿಹೋದ ಪೀಪಾಯಿಗಳು, ಇವೆಲ್ಲ ಬೆಲೆಗೆ ಸೇರುತ್ತವೆ. ಮೇಲಿಂದ ಮಖಮಲ್ ಹಾಸಿದ ಪೆಟ್ಟಿಗೆ. ನಮ್ಮ ಬಾಟಲಿಯ ಪೆಟ್ಟಿಗೆ ನಿಜವಾಗಿಯೂ ಚೆನ್ನಾಗಿತ್ತು, ಅದರ ಕೀಲುಗಳ ಕೆಲಸಕ್ಕೆ ಎಲ್ಲರೂ ಪೂರ್ಣ ಅಂಕ ಕೊಟ್ಟರು.

ಮಾರುಕಟ್ಟೆಯ ಕಥೆಯೂ ಇದೆ. 1980ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನಲ್ಲಿ ಬೇಡಿಕೆಗಿಂತ ದಾಸ್ತಾನು ಹೆಚ್ಚಾಗಿ, 1983ರಲ್ಲಿ ಪೋರ್ಟ್ ಎಲೆನ್, ಬ್ರೋರಾ ಸೇರಿ ಹಲವು ಡಿಸ್ಟಿಲರಿಗಳು ಬಾಗಿಲು ಹಾಕಿದವು. ಮಾರಾಟವಾಗದೆ ಉಳಿದ ಒಳ್ಳೆಯ ಪೀಪಾಯಿಗಳು ಹಾಗೆಯೇ ಹಳತಾದವು. ಕೊಳ್ಳುವವರು ಕಡಿಮೆಯಿದ್ದ ಆ ಕಾಲದಲ್ಲಿ ಹಳೆಯ ಮಾಲ್ಟ್ ಇಂದಿನಷ್ಟು ದುಬಾರಿಯಾಗಿರಲಿಲ್ಲ. ಈಗ ಬೇಡಿಕೆ ತಿರುಗಿ ಬಂದಿದೆ. ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ಭಟ್ಟಿ ಹಚ್ಚಿದವು. 25 ಎಂಬ ಸಂಖ್ಯೆಗೇ ದುಡ್ಡು ಸುರಿಯುವವರು ಇರುವಾಗ, ಪೀಪಾಯಿ ಸಿದ್ಧವಿದೆಯೇ ಎಂದು ಕೇಳುವ ತಾಳ್ಮೆ ಎಷ್ಟು ಜನ ತಯಾರಕರಿಗೆ ಉಳಿದೀತು?

ನಮ್ಮ ಊರಿನ ಸೆಕೆಗೆ ಬಾಟಲಿ ಕೆಟ್ಟಿರಬಹುದೇ?

ಮುಚ್ಚಿದ ಬಾಟಲಿ ಒಂದೆರಡು ಮಳೆಗಾಲಕ್ಕೆ ಕೆಡುವುದಿಲ್ಲ. ಆದರೂ ಕರಾವಳಿಯಲ್ಲಿ ಕೆಲವು ಎಚ್ಚರಿಕೆಗಳು ಬೇಕು. ಬಿಸಿಲು ಬೀಳುವ ಶೋಕೇಸಿನಲ್ಲಿ ಇಡಬೇಡಿ. ಬೆಳಕು ಬಣ್ಣವನ್ನೂ ಪರಿಮಳವನ್ನೂ ಕದಿಯುತ್ತದೆ. ವೈನ್‌ನಂತೆ ಮಲಗಿಸಿ ಇಡಬೇಡಿ. ಬಲವಾದ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೇಬಲ್ಲಿಗೂ ಪೆಟ್ಟಿಗೆಗೂ ಬೂಸು ಹಿಡಿಯುವುದು ಖಂಡಿತ, ಅದಕ್ಕೂ ಒಳಗಿನ ವಿಸ್ಕಿಗೂ ಸಂಬಂಧವಿಲ್ಲ. ಹಳೆಯ ಕಾರ್ಕ್ ತೆರೆಯುವಾಗ ಮುರಿದರೆ ಗಾಬರಿ ಬೇಡ, ತೆಳು ಬಟ್ಟೆಯಲ್ಲಿ ಸೋಸಿ ಬೇರೆ ಬಾಟಲಿಗೆ ತುಂಬಿ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಕಾರ್ಕ್ ಕೆಟ್ಟಿದೆ ಎಂದು ತಿಳಿಯಿರಿ, ಅದಕ್ಕೆ ಮದ್ದಿಲ್ಲ. ನಮ್ಮ ಬಾಟಲಿಯಲ್ಲಿ ಇವು ಯಾವುವೂ ಇರಲಿಲ್ಲ.

ರುಚಿ ನೋಡಿದ ಕ್ರಮವೇ ಸರಿಯಿರಲಿಲ್ಲ ಎಂದರೆ?

ಒಪ್ಪಬೇಕಾದ ಸಂದೇಹ. ಮಂಗಳೂರಿನಲ್ಲಿ ವಿಸ್ಕಿಗೆ ಅನ್ಯಾಯವಾಗುವುದು ಮುಖ್ಯವಾಗಿ ಎರಡು ಕಡೆಯಿಂದ.

ಒಂದು ಸೆಕೆ. ಪುಸ್ತಕಗಳಲ್ಲಿ ಕೋಣೆಯ ಉಷ್ಣತೆ ಎಂದು ಬರೆದಿರುವುದು ಹದಿನೆಂಟು ಇಪ್ಪತ್ತು ಡಿಗ್ರಿಯ ಕೋಣೆಗೆ. ನಮ್ಮ ಮೇ ತಿಂಗಳ ಕೋಣೆ ಮೂವತ್ತೆರಡು. ಅಷ್ಟು ಬಿಸಿಗೆ ಆಲ್ಕೋಹಾಲ್ ಮೊದಲು ಮೇಲೆದ್ದು ಮೂಗನ್ನು ಕಟ್ಟಿಬಿಡುತ್ತದೆ, ಪರಿಮಳ ಅದರ ಹಿಂದೆ ಅಡಗುತ್ತದೆ. ಐಸ್ ಹಾಕಿದರೆ ಎಲ್ಲವೂ ಮುದುಡುತ್ತದೆ. ಏಸಿ ಇರುವ ಕೋಣೆಯಲ್ಲಿ ಬಾಟಲಿಯನ್ನೂ ಗ್ಲಾಸನ್ನೂ ಮೊದಲೇ ಇಟ್ಟುಬಿಡುವುದು ಸುಲಭದ ದಾರಿ.

ಇನ್ನೊಂದು ಊಟ. ಬಂಗುಡೆ ಪುಳಿಮುಂಚಿ, ಕೋರಿ ಸುಕ್ಕ, ಅಂಜಲ್ ಫ್ರೈ ಇವುಗಳ ಮುಂದೆ ಯಾವ ಸ್ಪೇಸೈಡ್ ಮಾಲ್ಟೂ ನಿಲ್ಲುವುದಿಲ್ಲ. ಬ್ಯಾಡಗಿ ಮೆಣಸಿನ ಮಸಾಲೆ ತಿಂದ ನಾಲಗೆಗೆ ಇಪ್ಪತ್ತೈದೂ ಒಂದೇ, ಐದೂ ಒಂದೇ. ಊಟಕ್ಕೆ ಮೊದಲು ರುಚಿ ನೋಡಿ. ಬದಿಗೆ ಉಪ್ಪಿಲ್ಲದ ಗೇರುಬೀಜ, ಸಾದಾ ನೀರು ಸಾಕು. ವೀಳ್ಯ ಹಾಕುವ ಅಭ್ಯಾಸ ಇರುವವರು ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಮ್ಮ ಗುಂಪಿನ ಹಿರಿಯರೊಬ್ಬರು ಇದಕ್ಕೆ ಇನ್ನೂ ಒಪ್ಪಿಲ್ಲ.

ನೀರಿನ ವಿಷಯ. ಶುದ್ಧ ವಿಸ್ಕಿಗೆ ನೀರು ಹಾಕುವುದು ಅವಮಾನ ಎಂಬ ಗರ್ವ ಬೇಡ. 2017ರಲ್ಲಿ ಸ್ವೀಡನ್ನಿನ ಲಿನೀಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದ್ದು ಇದನ್ನೇ: ಬಲ ಹೆಚ್ಚಿದ್ದಾಗ ಗ್ವಾಯಕಾಲ್ ಎಂಬ ಹೊಗೆಯ ಪರಿಮಳದ ಅಣು ದ್ರವದ ಒಳಗೆ ಅಡಗಿರುತ್ತದೆ, ನೀರು ಬೆರೆತಾಗ ಮೇಲ್ಮೈಗೆ ಬರುತ್ತದೆ. ಶೇ 55ರ ವಿಸ್ಕಿಗೆ ಧಾರಾಳವಾಗಿ, ಶೇ 46ಕ್ಕೆ ಕೆಲವು ಹನಿ, ಶೇ 40ಕ್ಕೆ ಬಹಳ ಯೋಚಿಸಿ. ನಮ್ಮ ಇಪ್ಪತ್ತೈದಕ್ಕೆ ನೀರು ಹಾಕಿದಾಗ ಉಳಿದಿದ್ದ ಸ್ವಲ್ಪವೂ ಕರಗಿತು.

ಎಲ್ಲರೂ ಅದ್ಭುತ ಎನ್ನುತ್ತಿದ್ದರು, ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ನನ್ನ ನಾಲಗೆಯೇ ಸರಿಯಿಲ್ಲವೇ?

ಈ ಪ್ರಶ್ನೆ ಕೇಳಿದವರ ನಾಲಗೆಯ ಬಗ್ಗೆ ನನಗೆ ಗೌರವ ಹೆಚ್ಚು. ದುಬಾರಿ ಬಾಟಲಿಯ ಮುಂದೆ ಸುಳ್ಳು ಹೇಳುವುದು ಬಾಯಿ ಮಾತ್ರವಲ್ಲ, ಮಿದುಳೂ ಹೇಳುತ್ತದೆ. 2008ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದು ಎಂದೂ ಒಮ್ಮೆ 90 ಡಾಲರಿನದು ಎಂದೂ ಹೇಳಿ ಕುಡಿಸಿದರು. ಬೆಲೆ ಹೆಚ್ಚು ಎಂದಾಗ ಜನ ಹೆಚ್ಚು ಮೆಚ್ಚಿದ್ದಷ್ಟೇ ಅಲ್ಲ, ಸ್ಕ್ಯಾನಿನಲ್ಲಿ ಮಿದುಳಿನ ಸುಖ ಗುರುತಿಸುವ ಭಾಗವೂ ಹೆಚ್ಚು ಚುರುಕಾಯಿತು. ಅವರು ನಟಿಸುತ್ತಿರಲಿಲ್ಲ, ನಿಜವಾಗಿಯೂ ಹೆಚ್ಚು ಆನಂದಿಸಿದರು.

ನಮ್ಮಲ್ಲಿ ಇದರ ಮೇಲೆ ದಾಕ್ಷಿಣ್ಯವೂ ಸೇರುತ್ತದೆ. ಬಾಟಲಿ ತಂದವರು ಎದುರಿಗೇ ಕುಳಿತಿರುವಾಗ ಸಪ್ಪೆ ಎನ್ನುವುದು ಮದುವೆಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದಂತೆ. ಅದಕ್ಕೇ ನಾವು ಬಾಟಲಿಗಳನ್ನು ಪತ್ರಿಕೆಯಲ್ಲಿ ಸುತ್ತಿ ಸಂಖ್ಯೆ ಬರೆದು ಇಡುತ್ತೇವೆ. ಸುತ್ತುವವರು ಬೇರೆ, ಹೊಯ್ಯುವವರು ಬೇರೆ. ವೈನ್ ಶಾಪಿನಲ್ಲಿ ಬಾಟಲಿಯನ್ನು ಪತ್ರಿಕೆಯಲ್ಲಿ ಸುತ್ತಿ ಕೊಡುವುದು ನೋಡುವವರ ಕಣ್ಣಿಗೆ ಹೆದರಿ. ನಾವು ಸುತ್ತುವುದು ನಮ್ಮ ಕಣ್ಣಿಗೇ ಹೆದರಿ. ಅಭಿಪ್ರಾಯವನ್ನು ಎಲ್ಲರೂ ಬರೆದು ಮಡಚಿಟ್ಟ ಮೇಲೆಯೇ ಮಾತು. ಆವತ್ತು ಇಪ್ಪತ್ತೈದನ್ನು ತೆರೆದೇ ಇಟ್ಟು ಕುಡಿದು, ಆಮೇಲೆ ಇನ್ನೊಂದು ಕೂಟದಲ್ಲಿ ಸುತ್ತಿಟ್ಟು ಕುಡಿದೆವು. ಸುತ್ತಿಟ್ಟಾಗ ಅಂಕಗಳು ಇನ್ನೂ ಇಳಿದವು.

ನಕಲಿ ಬಾಟಲಿ ಇರಬಹುದೇ?

ನಮ್ಮದು ಅಲ್ಲ, ಮುದ್ರೆ, ಗಾಜಿನ ಮೇಲಿನ ಸಂಕೇತ, ಬಾಟಲಿಯ ಕತ್ತಿನವರೆಗಿನ ಮಟ್ಟ ಎಲ್ಲ ನೋಡಿದ್ದೇವೆ. ಆದರೆ ಪ್ರಶ್ನೆ ನ್ಯಾಯವಾದದ್ದು. ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿನಲ್ಲಿ 2017ರಲ್ಲಿ 1878ರದು ಎನ್ನಲಾದ ಸಿಂಗಲ್ ಮಾಲ್ಟಿನ ಒಂದು ಪೆಗ್ಗಿಗೆ ಗಿರಾಕಿಯೊಬ್ಬರು ಸುಮಾರು ಹತ್ತು ಸಾವಿರ ಫ್ರಾಂಕ್ ಕೊಟ್ಟರು. ಸಂದೇಹ ಬಂದು ಆಕ್ಸ್‌ಫರ್ಡಿನಲ್ಲಿ ಕಾರ್ಬನ್ ಪರೀಕ್ಷೆ ಮಾಡಿಸಿದಾಗ ಅದು ಹೆಚ್ಚಾಗಿ 1970ರಿಂದ 1972ರ ನಡುವಿನದು ಎಂದು ಬಂತು. 1950ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು. ಬಾರ್ಲಿ ಯಾವ ಗಾಳಿಯಲ್ಲಿ ಬೆಳೆಯಿತೋ ಆ ಗುರುತು ವಿಸ್ಕಿಯಲ್ಲಿ ಉಳಿಯುತ್ತದೆ. ಹೋಟೆಲಿನವರು ಹಣ ಹಿಂತಿರುಗಿಸಿದರು.

ನಮ್ಮ ಮಟ್ಟಕ್ಕೆ ಬಂದರೆ, ಕರ್ನಾಟಕದಲ್ಲಿ ಮಾರುವ ಬಾಟಲಿಯ ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಲೇಬಲ್ ಅಂಟಿಸಿರಬೇಕು. ಡ್ಯೂಟಿ ಫ್ರೀ ಬಾಟಲಿ ಎಂದು ಯಾರೋ ಪರಿಚಯದವರ ಪರಿಚಯದವರು ಕಾರಿನ ಡಿಕ್ಕಿಯಿಂದ ತೆಗೆದುಕೊಟ್ಟರೆ ನಮಸ್ಕಾರ ಹೇಳಿ ಹೊರಡಿ. ವಿದೇಶದಿಂದ ಬರುವ ಪ್ರಯಾಣಿಕರೊಬ್ಬರು ತೆರಿಗೆಯಿಲ್ಲದೆ ತರಬಹುದಾದದ್ದು ಎರಡು ಲೀಟರ್. ಅವರ ಬಳಿ ಪೆಟ್ಟಿಗೆಗಟ್ಟಲೆ ಹೇಗೆ ಬಂತು ಎಂದು ಯೋಚಿಸಿದರೆ ಸಾಕು.

ದುಬೈಯಿಂದ ಭಾವ ತಂದುಕೊಟ್ಟ ಬಾಟಲಿ ಚೆನ್ನಾಗಿಲ್ಲ. ಅವರಿಗೆ ಹೇಳಬೇಕೇ?

ಬೇಡ ಮಾರಾಯರೇ. ಮುಂದಿನ ಸಲ ಬಜಪೆಗೆ ಬಂದಿಳಿಯುವ ಮೊದಲು ಅವರು ಫೋನ್ ಮಾಡಿ ಏನು ತರಲಿ ಎಂದು ಕೇಳಿದಾಗ, ಶೇ 46ರ ಹತ್ತು ಅಥವಾ ಹನ್ನೆರಡು ವರ್ಷದ್ದೊಂದರ ಹೆಸರು ಹೇಳಿ. ಅವರಿಗೂ ಖರ್ಚು ಉಳಿಯುತ್ತದೆ, ನಿಮ್ಮ ಸಂಕೋಚದ ಸ್ವಭಾವವನ್ನು ಅಕ್ಕನ ಹತ್ತಿರ ಹೊಗಳುತ್ತಾರೆ ಕೂಡ.

ಉಳಿದ ಮುಕ್ಕಾಲು ಬಾಟಲಿಯನ್ನು ಏನು ಮಾಡುವುದು?

ಮೊದಲು ಕೆಲವು ವಾರ ಸುಮ್ಮನೆ ಬಿಡಿ. ಸ್ವಲ್ಪ ಗಾಳಿ ಸೇರಿದ ಮೇಲೆ ಬಾಯಿಬಿಡುವ ವಿಸ್ಕಿಗಳಿವೆ. ಬೆಂಕಿಕಡ್ಡಿ ಗೀರಿದಂಥ ಗಂಧಕದ ವಾಸನೆ ಇದ್ದರೆ ಅದೂ ಕೆಲವೊಮ್ಮೆ ತಗ್ಗುತ್ತದೆ. ನಮ್ಮದು ಮೊದಲಿಗಿಂತ ಒಂದಿಷ್ಟು ಮೆದುವಾಯಿತು, ಒಗರು ಹೋಗಲಿಲ್ಲ. ಮಟ್ಟ ಮೂರನೆಯ ಒಂದು ಪಾಲಿಗೆ ಇಳಿದ ಮೇಲೆ ಮಾತ್ರ ಚಿಕ್ಕ ಬಾಟಲಿಗೆ ವರ್ಗಾಯಿಸಿ, ಇಲ್ಲವಾದರೆ ಗಾಳಿಯೇ ಅದನ್ನು ಮುಗಿಸುತ್ತದೆ.

ಆಮೇಲಿನ ದಾರಿ ಬೆರೆಸುವುದು. ತೆಳ್ಳಗಾದ ಹಳೆಯ ಮಾಲ್ಟ್‌ಗೆ ಬಲವಿರುವ ಎಳೆಯ ಮಾಲ್ಟನ್ನು ಸ್ವಲ್ಪ ಸೇರಿಸಿದರೆ ಆಶ್ಚರ್ಯವಾಗುವಷ್ಟು ಬದಲಾಗುತ್ತದೆ. ಐವತ್ತು ಮಿಲಿಲೀಟರಿಗೆ ಐದರಷ್ಟು ಹೊಗೆ ಮಾಲ್ಟಿನಿಂದ ಆರಂಭಿಸಿ. ಶೇ 46ರ ಆರ್ಡ್‌ಬೆಗ್ ಹತ್ತು ಅಥವಾ ಶೇ 45.8ರ ಟಾಲಿಸ್ಕರ್ ಹತ್ತು ಆಗಬಹುದು. ಹೀಗೆ ಮಾಡುವುದು ಪಾಪ ಎನ್ನುವವರಿಗೆ ಒಂದು ಮಾತು: ಬಾಟಲಿಗೆ ಬರುವ ಮೊದಲು ಅದೇ ಡಿಸ್ಟಿಲರಿಯವರು ಎಷ್ಟೋ ಪೀಪಾಯಿಗಳನ್ನು ಬೆರೆಸಿಯೇ ಕಳಿಸಿದ್ದಾರೆ. ಸೋಡಾ ಹಾಕುವುದಾದರೆ ಎಳೆಯ ವಿಸ್ಕಿಗೆ ಹಾಕಿ. ಇದಕ್ಕೆ ಹಾಕಿದರೆ ಸೋಡಾದ ರುಚಿ ಸಿಗುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ನನ್ನ ಲೆಕ್ಕದಲ್ಲಿ ಹತ್ತರಿಂದ ಹದಿನೆಂಟು ವರ್ಷ, ಶೇ 46 ಅಥವಾ ಮೇಲೆ, ತಣಿಸಿ ಸೋಸಿಲ್ಲ ಎಂದು ಲೇಬಲ್ಲಿನಲ್ಲಿ ಬರೆದಿರುವುದು. ಬುನಾಹಾವೆನ್ ಹನ್ನೆರಡು, ಡೀನ್‌ಸ್ಟನ್ ಹನ್ನೆರಡು, ಸಿಕ್ಕರೆ ಕ್ಯಾಂಬೆಲ್‌ಟೌನಿನ ಸ್ಪ್ರಿಂಗ್‌ಬ್ಯಾಂಕ್ ಹತ್ತು. ಇಪ್ಪತ್ತೈದೇ ಬೇಕೆಂದಿದ್ದರೆ ಬಾಟಲಿ ಕೊಳ್ಳುವ ಮೊದಲು ಎಲ್ಲಾದರೂ ಒಳ್ಳೆಯ ಬಾರಿನಲ್ಲಿ ಮೂವತ್ತು ಮಿಲಿಲೀಟರ್ ಕುಡಿದು ನೋಡಿ.

ನಮ್ಮ ರಾಜ್ಯದ್ದನ್ನು ಮರೆಯಬೇಡಿ. ಬೆಂಗಳೂರಿನ ಅಮೃತ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಶೇ 50ರ ಅಮೃತ್ ಫ್ಯೂಷನ್ ಭಾರತದ ಬಾರ್ಲಿ ಮತ್ತು ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿ ಸೇರಿದ್ದು. ಅದರ ಮೇಲೆ ವಯಸ್ಸಿನ ಸಂಖ್ಯೆಯೇ ಇಲ್ಲ. ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ಆವಿಯಾಗುವುದರಿಂದ ಎಂಟು ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಪೀಪಾಯಿ ಖಾಲಿಯಾಗಿರುತ್ತದೆ, ಮರದ ಗುಣವೂ ಬೇಗ ಇಳಿಯುತ್ತದೆ. ಅಲ್ಲಿ ಇಪ್ಪತ್ತೈದು ವರ್ಷ ಕಾದರೆ ಪೀಪಾಯಿಯಲ್ಲಿ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಮಂಗಳೂರಿನಲ್ಲಿ ಪೀಪಾಯಿ ಇಟ್ಟರೆ ಹೇಗೆ ಎಂದು ಸುರತ್ಕಲ್ಲಿನ ಒಬ್ಬರು ಕೇಳಿದ್ದರು. ಪರವಾನಗಿ ಸಿಗುವುದಾದರೆ ಮೂರು ನಾಲ್ಕು ವರ್ಷದಲ್ಲೇ ತೆಗೆಯಬೇಕಾದೀತು. ನಮ್ಮ ತೇವದ ಸೆಕೆಯಲ್ಲಿ ಬಲವೂ ಜೊತೆಗೇ ಇಳಿಯುತ್ತದೆ.

ಬ್ರಿಟನ್ ಒಪ್ಪಂದದಿಂದ ಸ್ಕಾಚ್ ಅಗ್ಗವಾಗುತ್ತದಂತೆ. ಕಾಯಬೇಕೇ?

2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ ಆಮದು ಸುಂಕವನ್ನು ಶೇ 150ರಿಂದ ಶೇ 75ಕ್ಕೂ, ಹತ್ತನೆಯ ವರ್ಷಕ್ಕೆ ಶೇ 40ಕ್ಕೂ ಇಳಿಸುವ ಮಾತಿದೆ. ರಾಜ್ಯದ ಅಬಕಾರಿ ಸುಂಕ ಅದರಿಂದ ಬೇರೆ, ಅಂಗಡಿಯ ಬೆಲೆಯಲ್ಲಿ ಅದರ ಪಾಲು ದೊಡ್ಡದು. ಸುಂಕ ಇಳಿದರೆ ಒಳ್ಳೆಯದೇ, ಸೋತ ಪೀಪಾಯಿ ಅದರಿಂದ ಚುರುಕಾಗುವುದಿಲ್ಲ.

ಖಾಲಿ ಬಾಟಲಿ ಮತ್ತು ಪೆಟ್ಟಿಗೆಯನ್ನು ಗುಜರಿಗೆ ಕೊಡಬಹುದೇ?

ಹಾಗೆಯೇ ಕೊಡಬೇಡಿ. ದುಬಾರಿ ವಿಸ್ಕಿಯ ಖಾಲಿ ಬಾಟಲಿಯನ್ನು ಪೆಟ್ಟಿಗೆ ಸಮೇತ ಕೊಳ್ಳುವವರು ಇದ್ದಾರೆ, ಅದು ಅಗ್ಗದ ಮದ್ಯ ತುಂಬಿಕೊಂಡು ಮತ್ತೆ ಮಾರಾಟಕ್ಕೆ ಬರುತ್ತದೆ. ಲೇಬಲ್ಲನ್ನು ನೀರಿನಲ್ಲಿ ನೆನೆಸಿ ಕಿತ್ತು, ಕಾರ್ಕ್ ತುಂಡರಿಸಿ, ಪೆಟ್ಟಿಗೆಯನ್ನು ಬೇರೆಯಾಗಿ ಕೊಡಿ. ನಮ್ಮ ಪೆಟ್ಟಿಗೆಯನ್ನು ಗೆಳೆಯರ ಮಗಳು ಬಣ್ಣದ ಪೆನ್ಸಿಲ್ ಇಡಲು ಕೇಳಿ ತೆಗೆದುಕೊಂಡಿದ್ದಾಳೆ, ಹಾಗಾಗಿ ಅದು ಬೇಕೆಂದು ಫೋನ್ ಮಾಡುತ್ತಿರುವವರು ದಯವಿಟ್ಟು ನಿಲ್ಲಿಸಿ.